ಲೆಕ್ಕ ತಪ್ಪಿದಾಗ ಕೈಯಲ್ಲಿ ಉಳಿದದ್ದೇನು? ಬಾಸ್ಕೆಟ್‌ಬಾಲ್ ಮ್ಯಾನೇಜರರನ್ನು ಅಳೆಯುವ ಬಗೆ

ಓಕ್ಲಹೋಮ ಸಿಟಿಯಲ್ಲಿ ಭಾನುವಾರ ಸಂಜೆ ಏಳಕ್ಕೆ ಶುರುವಾಗುವ ಆಟ ಕಾಸರಗೋಡಿನ ಬದಿಯಡ್ಕದಲ್ಲಿ ನಮಗೆ ಸೋಮವಾರ ಬೆಳಗ್ಗೆ ಐದೂವರೆಗೆ ಸಿಗುತ್ತದೆ. 2025ರ ಜೂನ್ 23ರಂದು ನಮ್ಮ ಜಗಲಿಯಲ್ಲಿ ಮೂವರಿದ್ದೆವು: ನಾನು, ಮಂಗಳೂರಿನಲ್ಲಿ ಓದುವ ಅಕ್ಕನ ಮಗ, ಪಕ್ಕದ ತೋಟದ ಅಣ್ಣ. ಮಳೆಗೆ ಎರಡು ಸಲ ಕರೆಂಟು ಹೋಗಿ, ಕೊನೆಗೆ ಹುಡುಗನ ಮೊಬೈಲಿಗೇ ಮೂವರೂ ಕತ್ತು ಚಾಚಿ ಕುಳಿತೆವು. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗು ಎನ್‌ಬಿಎಯ ಫೈನಲಿನ ಏಳನೆಯ, ಕೊನೆಯ ಪಂದ್ಯ. ಓಕ್ಲಹೋಮದ ಥಂಡರ್ ಒಂದು ಕಡೆ, ಇಂಡಿಯಾನದ ಪೇಸರ್ಸ್ ಇನ್ನೊಂದು ಕಡೆ. ಮೊದಲ ಕಾಲು ಭಾಗ ಮುಗಿಯುವ ಮೊದಲೇ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್ ಹಿಮ್ಮಡಿಯ ಸ್ನಾಯು ಹರಿದು ನೆಲಕ್ಕೆ ಬಿದ್ದರು. ಥಂಡರ್ 103–91ರಿಂದ ಗೆದ್ದಿತು.

ಜಗಳ ಶುರುವಾದದ್ದು ಆಮೇಲೆ. ತಂಡಕ್ಕೆ ಆಟಗಾರರನ್ನು ತರುವ, ಬಿಡುವ ಮ್ಯಾನೇಜರರಲ್ಲಿ ಥಂಡರ್‌ನ ಸ್ಯಾಮ್ ಪ್ರೆಸ್ಟಿಯಂಥವರು ಇನ್ನೊಬ್ಬರಿಲ್ಲ, ಸೋತವರಿಗೆ ಒಳ್ಳೆಯ ಹೊಸ ಹುಡುಗರು ಸಿಗುವ ನಿಯಮ ಹಿಡಿದು, ಸೋತು ಸೋತು ಅಂಥವರನ್ನು ಕೂಡಿಹಾಕಿ ಗೆದ್ದರು ಎಂಬುದು ಹುಡುಗನ ವಾದ. ಬೇಕೆಂದೇ ಸೋಲದೆ ಅದೇ ಏಳನೆಯ ಪಂದ್ಯಕ್ಕೆ ಬಂದು ನಿಂತ ಪೇಸರ್ಸ್‌ನವರೇ ಜಾಣರು, ಬಿದ್ದ ಕಾಲು ಮ್ಯಾನೇಜರನ ತಪ್ಪಲ್ಲ ಎಂಬುದು ಅಣ್ಣನ ವಾದ. ನನ್ನನ್ನು ನ್ಯಾಯ ಹೇಳಲು ಕರೆದರು. ನಾನು ಅಂದು ಹೇಳಲಿಲ್ಲ. ಆಮೇಲೆ ಕುಂಬಳೆ, ಮುಳ್ಳೇರಿಯ ಕಡೆಯ ಗೆಳೆಯರೂ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮುಖದಲ್ಲಿ ಕೇಳಿದ್ದಾರೆ. ಒಬ್ಬರಿಗೆ ತಮ್ಮ ಮೆಚ್ಚಿನ ತಂಡದ ಮ್ಯಾನೇಜರನನ್ನು ಬೈಯಬೇಕೋ ಹೊಗಳಬೇಕೋ ತಿಳಿಯುತ್ತಿಲ್ಲ. ಇನ್ನೊಬ್ಬರು ಈಗಷ್ಟೇ ನೋಡಲು ಶುರು ಮಾಡಿದವರು, ಯಾವ ತಂಡದ ಬೆನ್ನು ಹಿಡಿಯಲಿ ಎಂಬ ಗೊಂದಲದಲ್ಲಿದ್ದಾರೆ. ಮತ್ತೊಬ್ಬರು ಊರಿನ ಕಬಡ್ಡಿ ಕ್ಲಬ್ಬಿನ ಕಾರ್ಯದರ್ಶಿ. ಅವರಿಗೆ ಅಮೆರಿಕದ ಗೊಡವೆ ಬೇಡ, ಆದರೆ ಪ್ರಶ್ನೆ ಮಾತ್ರ ಅದೇ.

ಮೊದಲು ಅಳತೆ

ಕಪ್ ಗೆದ್ದರೇ ಒಳ್ಳೆಯ ಮ್ಯಾನೇಜರ್ ಎನ್ನುವ ಅಳತೆಯನ್ನು ಮೊದಲೇ ಬದಿಗಿಡೋಣ. ತಂಡಗಳು 30, ಕಪ್ ವರ್ಷಕ್ಕೆ ಒಂದು. ಈ ಲೆಕ್ಕದಲ್ಲಿ ಪ್ರತಿವರ್ಷ 29 ಮಂದಿ ದಡ್ಡರಾಗುತ್ತಾರೆ, ಅದು ನಿಜವಿರಲಾರದು.

ನಾನು ನೋಡುವುದು ನಾಲ್ಕು ಸಂಗತಿಗಳನ್ನು. ಕೆಲಸಕ್ಕೆ ಕೈಹಾಕಿದ ದಿನ ಅವರ ಬಳಿ ಏನಿತ್ತು: ಎಂಥ ಊರು, ಎಂಥ ಮಾಲೀಕ, ಯಾವ ಆಟಗಾರರು. ಪಡೆದದ್ದಕ್ಕೆ ಏನು ಕೊಟ್ಟರು, ಅದರಲ್ಲೂ ಇನ್ನೂ ಬಾರದ ವರ್ಷಗಳಿಂದ ಎಷ್ಟು ಕೊಟ್ಟರು. ಫಲದಲ್ಲಿ ಅದೃಷ್ಟದ ಪಾಲು ಎಷ್ಟು. ನಾಲ್ಕನೆಯದು ನನ್ನ ಪಾಲಿಗೆ ಉಳಿದ ಮೂರಕ್ಕಿಂತ ದೊಡ್ಡದು: ಲೆಕ್ಕ ತಪ್ಪಿದಾಗ ಕೈಯಲ್ಲಿ ಏನು ಉಳಿಯಿತು. ಏಕೆಂದರೆ ಲೆಕ್ಕ ಹೆಚ್ಚಾಗಿ ತಪ್ಪುತ್ತದೆ. ಮೊಣಕಾಲು ಹೋಗುತ್ತದೆ, ಹುಡುಗನಿಗೆ ಊರು ಬೇಸರವಾಗುತ್ತದೆ, ಕೋಚ್‌ಗೂ ತಾರೆಗೂ ಸರಿಬರುವುದಿಲ್ಲ. ಅಡಿಕೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡೋ ದ್ರಾವಣ ಎಷ್ಟು ಸಲ ಸಿಂಪಡಿಸಿದರೂ ಕೊಳೆರೋಗ ಬರುವ ವರ್ಷ ಬಂದೇ ಬರುತ್ತದೆ. ಆ ವರ್ಷ ಮನೆ ನಡೆಸಿದ್ದು ಮರಕ್ಕೆ ಹಬ್ಬಿಸಿದ ಕರಿಮೆಣಸೋ ಬ್ಯಾಂಕಿನ ಸಾಲವೋ ಎಂಬುದರಲ್ಲಿ ಯಜಮಾನನ ಬುದ್ಧಿ ಕಾಣುತ್ತದೆ.

ನಿಯಮಗಳನ್ನೂ ತುಸು ತಿಳಿದಿರಬೇಕು. ಒಂದು ತಂಡದಲ್ಲಿ ಪೂರ್ಣ ಒಪ್ಪಂದದ ಆಟಗಾರರು ಹದಿನೈದೇ ಮಂದಿ. 2025–26ರ ಹಂಗಾಮಿಗೆ ಸಂಬಳದ ಮಿತಿ ಸುಮಾರು 15 ಕೋಟಿ 46 ಲಕ್ಷ ಡಾಲರ್. ಸ್ವಂತ ಆಟಗಾರರನ್ನು ಉಳಿಸಿಕೊಳ್ಳಲು ಈ ಮಿತಿಯನ್ನು ದಾಟಬಹುದು. ಆದರೆ 18 ಕೋಟಿ 79 ಲಕ್ಷ ದಾಟಿದರೆ ದಂಡದಂಥ ತೆರಿಗೆ ಬೀಳುತ್ತದೆ. 20 ಕೋಟಿ 78 ಲಕ್ಷ ದಾಟಿದರೆ ‘ಎರಡನೇ ಏಪ್ರನ್’ ಎಂಬ ಗೆರೆಯಾಚೆ ಹೋದಂತೆ. ಆಚೆ ಹೋದವರು ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವ ಹಾಗಿಲ್ಲ, ಆಟಗಾರರ ವಿನಿಮಯದಲ್ಲಿ ನಗದು ಕೊಡುವ ಹಾಗಿಲ್ಲ, ಏಳು ವರ್ಷಗಳ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನು, ಅಂದರೆ ಹೊಸ ಹುಡುಗನನ್ನು ಆರಿಸುವ ಸರದಿಯನ್ನು, ಮಾರುವ ಹಾಗೂ ಇಲ್ಲ. ಈ ಕಟ್ಟು 2023ರ ಒಪ್ಪಂದದಲ್ಲಿ ಬಂದದ್ದು. ಹಣ ಇದ್ದವನು ಹಣದಿಂದಲೇ ಎಲ್ಲವನ್ನೂ ಸರಿಪಡಿಸುವ ಕಾಲ ಅಲ್ಲಿಗೆ ಮುಗಿಯಿತು.

ಡ್ರಾಫ್ಟ್ ಎಂದರೆ ಪ್ರತಿವರ್ಷ ಹೊಸ ಹುಡುಗರನ್ನು ಸರದಿಯಂತೆ ಆರಿಸುವ ಎರಡು ಸುತ್ತಿನ ವ್ಯವಸ್ಥೆ. ಸೋತವರಿಗೆ ಮೊದಮೊದಲಿನ ಸರದಿ ಸಿಗುವ ಸಾಧ್ಯತೆ ಹೆಚ್ಚು, ಆದರೆ ಖಾತ್ರಿಯಿಲ್ಲ. ಮೊದಲ ಕೆಲವು ಸರದಿಗಳನ್ನು ಲಾಟರಿ ಎತ್ತಿ ನಿರ್ಧರಿಸುತ್ತಾರೆ. ನಮ್ಮ ದೇಶದಲ್ಲಿ ಹುಟ್ಟಿದ ಒಬ್ಬರೂ ಈ ಬಾಗಿಲಿನಿಂದ ಒಳಗೆ ಹೋಗಿದ್ದಾರೆ: ಪಂಜಾಬಿನ ಸತ್ನಾಮ್ ಸಿಂಗ್, 2015ರಲ್ಲಿ, 52ನೆಯವರಾಗಿ.

ಕಡಿದು ನೆಡುವ ದಾರಿ

ಇದ್ದವರನ್ನೆಲ್ಲ ಮಾರಿ, ಒಂದೆರಡು ವರ್ಷ ಸೋತು, ಒಳ್ಳೆಯ ಸರದಿ ಪಡೆದು ಹೊಸದಾಗಿ ಕಟ್ಟುವುದು. ಇದರ ದೊಡ್ಡ ಪ್ರಯೋಗ ಫಿಲಡೆಲ್ಫಿಯದಲ್ಲಿ ನಡೆಯಿತು. 2013ರಲ್ಲಿ ಬಂದ ಮ್ಯಾನೇಜರ್ ಸ್ಯಾಮ್ ಹಿಂಕಿಯವರ ಕೈಕೆಳಗೆ ತಂಡ 82 ಪಂದ್ಯಗಳಲ್ಲಿ ಕ್ರಮವಾಗಿ 19, 18, 10 ಗೆದ್ದಿತು. ಮೂರನೆಯ ಹಂಗಾಮು ಮುಗಿಯುವ ಮೊದಲೇ, 2016ರ ಏಪ್ರಿಲ್‌ನಲ್ಲಿ, ಅವರು ಹದಿಮೂರು ಪುಟಗಳ ಪತ್ರ ಬರೆದಿಟ್ಟು ಹೊರಟರು. ಸೋಲಿನ ಫಲವಾಗಿ ಜೋಯೆಲ್ ಎಂಬೀಡ್ ಸಿಕ್ಕಿದರು, ಆಮೇಲೆ ಬೆನ್ ಸಿಮನ್ಸ್ ಸಿಕ್ಕಿದರು. ಎಂಬೀಡ್ 2023ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಆದರೂ ಆ ತಂಡ 2025ರ ವರೆಗೆ ಹಂಗಾಮಿನ ಕೊನೆಗೆ ಕಪ್ಪಿಗಾಗಿ ನಡೆಯುವ ಪ್ಲೇಆಫ್‌ನ ಎರಡನೆಯ ಸುತ್ತು ದಾಟಲಿಲ್ಲ.

ಹಾಗಾದರೆ ಹಿಂಕಿ ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಅವರು ಹೋದ ಮೇಲೆ, 2017ರಲ್ಲಿ, ಹೊಸ ಆಡಳಿತ ಮೂರನೆಯ ಸರದಿಯ ಜೊತೆಗೆ ಇನ್ನೊಂದು ಹಕ್ಕನ್ನೂ ಬಾಸ್ಟನ್‌ಗೆ ಕೊಟ್ಟು ಮೊದಲನೆಯ ಸರದಿ ಪಡೆದು ಮಾರ್ಕೆಲ್ ಫುಲ್ಟ್ಸ್‌ರನ್ನು ಆರಿಸಿತು. ಮೂರಕ್ಕೆ ಇಳಿದ ಬಾಸ್ಟನ್ ಜೇಸನ್ ಟೇಟಮ್‌ರನ್ನು ಆರಿಸಿತು. ನೆಟ್ಟವನೊಬ್ಬ, ಕೊಯ್ಯಲು ಬಂದವನು ಇನ್ನೊಬ್ಬ. ಕೊಯ್ಯಲು ಬಂದವನು ಹಿಂಗಾರವನ್ನೇ ಕಡಿದುಹಾಕಿದರೆ ನೆಟ್ಟವನನ್ನು ಬೈಯುವುದು ನ್ಯಾಯವಲ್ಲ. ಹಿಂಕಿಯ ನಿಜವಾದ ತಪ್ಪು ಬೇರೆ. ಮಾಲೀಕನ ತಾಳ್ಮೆ ಎಷ್ಟು ದಿನದ್ದು ಎಂದು ಅವರು ಅಳೆಯಲಿಲ್ಲ. ಮೊದಲ ಅಳತೆಯಲ್ಲಿ ‘ಎಂಥ ಮಾಲೀಕ’ ಎಂದು ಸೇರಿಸಿದ್ದು ಇದಕ್ಕೇ.

ಈ ದಾರಿಯ ಬೆಲೆ ಈಗ ಇನ್ನೂ ಏರಿದೆ. ಹಿಂದೆ ಅತ್ಯಂತ ಕೆಳಗಿನ ತಂಡಕ್ಕೆ ಮೊದಲ ಸರದಿ ಸಿಗುವ ಸಾಧ್ಯತೆ ಶೇಕಡ 25 ಇತ್ತು. 2019ರಿಂದ ಕೊನೆಯ ಮೂರು ತಂಡಗಳಿಗೂ ಸಮಾನವಾಗಿ ಶೇಕಡ 14. 2025ರಲ್ಲಿ 17 ಮಾತ್ರ ಗೆದ್ದ ಯೂಟಾ ಐದನೆಯ ಸರದಿಗೆ ಜಾರಿತು, ಶೇಕಡ 1.8 ಸಾಧ್ಯತೆಯ ಡಲ್ಲಾಸ್ ಮೊದಲ ಸರದಿ ಗೆದ್ದು ಕೂಪರ್ ಫ್ಲಾಗ್‌ರನ್ನು ಕರೆದೊಯ್ದಿತು. ಡೆಟ್ರಾಯ್ಟ್ 2023–24ರಲ್ಲಿ ಸಾಲಾಗಿ 28 ಪಂದ್ಯ ಸೋತಿತ್ತು. ಅಂಥ ತಂಡದ ಪಂದ್ಯಕ್ಕೆ ಟಿಕೆಟ್ ಕೊಂಡು ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪಂದಿರನ್ನು ನೆನೆದರೆ ನನಗೆ ಈ ತಂತ್ರದ ಮೇಲೆ ಸಿಟ್ಟೇ ಬರುತ್ತದೆ. ಸೋಲುವುದನ್ನು ಅಭ್ಯಾಸ ಮಾಡಿಕೊಂಡ ಹುಡುಗ ಗೆಲ್ಲುವುದನ್ನು ಕಲಿಯಲು ಮತ್ತೆ ಸಮಯ ಬೇಕು. ಆ ಖರ್ಚು ಯಾವ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.

ಈಗ ನಮ್ಮ ಹುಡುಗನ ಪ್ರೆಸ್ಟಿ. ಥಂಡರ್ ಸೋತದ್ದು ನಿಜ: 2020–21ರಲ್ಲಿ 72 ಪಂದ್ಯಗಳಲ್ಲಿ 22 ಗೆಲುವು, ಮರುವರ್ಷ 82ರಲ್ಲಿ 24. 2021ರ ಡಿಸೆಂಬರ್‌ನಲ್ಲಿ ಮೆಂಫಿಸ್ ಎದುರು 152–79ರಿಂದ ಸೋತರು. ಎನ್‌ಬಿಎಯಲ್ಲಿ ಅಷ್ಟು ಅಂತರದ ಸೋಲು ಅದಕ್ಕೂ ಮೊದಲು ಆಗಿರಲಿಲ್ಲ. ಆದರೆ ಆ ಸೋಲುಗಳಿಂದ ಬಂದದ್ದು ಏನು ಎಂದು ಹೆಕ್ಕಿ ನೋಡಿ. ಕಪ್ ಗೆದ್ದ ತಂಡದ ಮೂರು ಕಂಬಗಳಲ್ಲಿ ಚೆಟ್ ಹೋಮ್‌ಗ್ರೆನ್ ಒಬ್ಬರೇ ಸೋಲಿನ ಫಲ, 2022ರ ಎರಡನೆಯ ಸರದಿಯವರು. ಶೇ ಗಿಲ್ಜಸ್-ಅಲೆಕ್ಸಾಂಡರ್ 2019ರಲ್ಲಿ ಪಾಲ್ ಜಾರ್ಜ್‌ರನ್ನು ಲಾಸ್ ಏಂಜಲೀಸಿನ ಕ್ಲಿಪ್ಪರ್ಸ್‌ಗೆ ಕೊಟ್ಟಾಗ ಬಂದವರು. ಅದೇ ವಿನಿಮಯದಲ್ಲಿ ಬಂದ ಐದು ಮೊದಲ ಸುತ್ತಿನ ಹಕ್ಕುಗಳಲ್ಲಿ ಒಂದು, 2022ರ ಹನ್ನೆರಡನೆಯದು, ಜೇಲೆನ್ ವಿಲಿಯಮ್ಸ್ ಆಯಿತು. ಲು ಡಾರ್ಟ್‌ರನ್ನು ಡ್ರಾಫ್ಟಿನಲ್ಲಿ ಯಾರೂ ಆರಿಸಿರಲೇ ಇಲ್ಲ. ಅಂದರೆ ಪ್ರೆಸ್ಟಿಯನ್ನು ಗೆಲ್ಲಿಸಿದ್ದು ಸೋಲಿಗಿಂತ ಹೆಚ್ಚಾಗಿ ವ್ಯಾಪಾರ. ಎದುರಿನವನಿಗೆ ಗಂಟಲಿನವರೆಗೆ ಅವಸರ ಇದ್ದ ದಿನ ಮಾರಿದರು. ಅಡಿಕೆಗೆ ದರ ಬಂದ ದಿನ ಮಾರಿದವನಂತೆ.

ಒಮ್ಮೆಗೇ ಕೊಳ್ಳುವ ದಾರಿ

ಆ ಅವಸರ ಇದ್ದವರ ಕಡೆಯಿಂದ ನೋಡೋಣ. ಕವಾಯ್ ಲೆನಾರ್ಡ್ ಎಂಬ ತಾರೆ ಕ್ಲಿಪ್ಪರ್ಸ್‌ಗೆ ಬರಬೇಕಾದರೆ ಜೊತೆಗಾರ ಬೇಕಿತ್ತು, ಜಾರ್ಜ್ ಬೇಕಿತ್ತು. ಕ್ಲಿಪ್ಪರ್ಸ್ ಕೇಳಿದ್ದನ್ನೆಲ್ಲ ಕೊಟ್ಟಿತು. ಐದು ವರ್ಷಗಳಲ್ಲಿ ಒಮ್ಮೆ ಮಾತ್ರ, 2021ರಲ್ಲಿ, ಕಾನ್ಫರೆನ್ಸ್ ಫೈನಲ್, ಅಂದರೆ ಸೆಮಿಫೈನಲ್, ತಲುಪಿತು. 2024ರಲ್ಲಿ ಜಾರ್ಜ್ ಬಿಟ್ಟುಹೋದರು, ತಂಡಕ್ಕೆ ಪ್ರತಿಯಾಗಿ ಏನೂ ಬರಲಿಲ್ಲ.

ಇನ್ನೂ ಹಳೆಯ ಉದಾಹರಣೆ ಬ್ರೂಕ್ಲಿನ್‌ನದು. 2013ರಲ್ಲಿ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಎಂಬ ವಯಸ್ಸಾದ ತಾರೆಗಳಿಗಾಗಿ ಬಾಸ್ಟನ್‌ಗೆ ಮೂರು ಮೊದಲ ಸುತ್ತಿನ ಹಕ್ಕುಗಳನ್ನೂ, ಒಂದು ವರ್ಷ ಸರದಿ ಅದಲುಬದಲು ಮಾಡುವ ಹಕ್ಕನ್ನೂ ಬರೆದುಕೊಟ್ಟರು. ಮೂರೇ ವರ್ಷಗಳಲ್ಲಿ ಬ್ರೂಕ್ಲಿನ್ ತಳ ಕಂಡಿತು. 2016–17ರಲ್ಲಿ ಲೀಗಿನಲ್ಲೇ ಅತಿ ಕಡಿಮೆ, 20 ಪಂದ್ಯ ಗೆದ್ದಾಗ ಆ ಸೋಲಿನ ಫಲ ಉಂಡವರು ಬಾಸ್ಟನ್‌ನವರು. ಜೇಲೆನ್ ಬ್ರೌನ್ ಬಂದದ್ದು ಆ ಹಕ್ಕುಗಳಿಂದ. ಟೇಟಮ್ ಬಂದದ್ದೂ ಅದೇ ಬೇರಿನಿಂದ. 2024ರಲ್ಲಿ ಅವರಿಬ್ಬರೇ ಬಾಸ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟರು. ಸೋಲುವುದು ನಾವು, ಊಟ ಪಕ್ಕದ ಮನೆಯಲ್ಲಿ.

ಫೀನಿಕ್ಸ್ 2023ರ ಫೆಬ್ರವರಿಯಲ್ಲಿ ಕೆವಿನ್ ಡುರಾಂಟ್‌ಗಾಗಿ ಮಿಕಲ್ ಬ್ರಿಜಸ್, ಕ್ಯಾಮ್ ಜಾನ್ಸನ್ ಮೊದಲಾದವರ ಜೊತೆ ನಾಲ್ಕು ಮೊದಲ ಸುತ್ತಿನ ಹಕ್ಕುಗಳನ್ನು ಕೊಟ್ಟಿತು. ಕೆಲವೇ ತಿಂಗಳಲ್ಲಿ ಬ್ರ್ಯಾಡ್ಲಿ ಬೀಲ್‌ರನ್ನೂ ತಂದಿತು. ಡೆವಿನ್ ಬುಕರ್ ಮೊದಲೇ ಇದ್ದರು. ಒಂದೇ ಮೇಳಕ್ಕೆ ಮೂವರು ದೊಡ್ಡ ಎದುರುವೇಷದವರನ್ನು ಕರೆತಂದು ಚೆಂಡೆ, ಮದ್ದಳೆಗೆ ಹಣ ಉಳಿಯದಂತೆ ಮಾಡಿಕೊಂಡ ಯಜಮಾನನ ಸ್ಥಿತಿ ಅವರದು. ಮೊದಲ ವರ್ಷ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಮಿನೆಸೋಟ ಎದುರು ನಾಲ್ಕಕ್ಕೆ ನಾಲ್ಕೂ ಸೋಲು. ಮರುವರ್ಷ 36 ಗೆಲುವು, ಪ್ಲೇಆಫ್ ಇಲ್ಲ. 2025ರ ಬೇಸಿಗೆಯಲ್ಲಿ ಡುರಾಂಟ್ ಹ್ಯೂಸ್ಟನ್‌ಗೆ ಹೋದರು, ಬೀಲ್ ಒಪ್ಪಂದ ಬಿಡಿಸಿಕೊಂಡು ಹೋದರು. ಎರಡನೇ ಏಪ್ರನ್ ದಾಟಿದ್ದರಿಂದ ನಡುವೆ ತಿದ್ದಿಕೊಳ್ಳಲೂ ಆಗಲಿಲ್ಲ. ನನ್ನ ನಾಲ್ಕನೆಯ ಅಳತೆಯಲ್ಲಿ ಇದಕ್ಕಿಂತ ಕೆಳಗೆ ಬೀಳುವುದು ಕಷ್ಟ.

ಆದರೆ ಲೇಕರ್ಸ್? 2019ರಲ್ಲಿ ಆಂಥನಿ ಡೇವಿಸ್‌ಗಾಗಿ ಮೂವರು ಹುಡುಗರನ್ನೂ ಮೂರು ಮೊದಲ ಸುತ್ತಿನ ಹಕ್ಕುಗಳನ್ನೂ ಕೊಟ್ಟರು, ಮರುವರ್ಷವೇ ಕಪ್ ಗೆದ್ದರು. ಅದೇ ಬೆಲೆ, ಬೇರೆ ಫಲ. ವ್ಯತ್ಯಾಸ ಊರಿನಲ್ಲಿದೆ. ಲೆಬ್ರಾನ್ ಜೇಮ್ಸ್ 2018ರಲ್ಲಿ ಲೇಕರ್ಸ್‌ಗೆ ತಾವಾಗಿಯೇ ಬಂದರು, ಯಾರನ್ನೂ ಕೊಡಬೇಕಾಗಿರಲಿಲ್ಲ. ಲಾಸ್ ಏಂಜಲೀಸಿನಲ್ಲಿ ಎಡವಿದರೆ ಇನ್ನೊಬ್ಬ ತಾರೆ ಬಾಗಿಲು ತಟ್ಟುತ್ತಾನೆ, ಓಕ್ಲಹೋಮದಲ್ಲಿ ತಟ್ಟುವುದಿಲ್ಲ. ಹಾಗಾಗಿ ಒಮ್ಮೆಗೇ ಕೊಳ್ಳುವ ದಾರಿ ಇರುವುದು ದೊಡ್ಡ ಊರಿನವರಿಗೆ, ಅಥವಾ ತಾರೆಗೆ ವಯಸ್ಸಾಗುತ್ತಿದೆ, ಇನ್ನೆರಡು ವರ್ಷಗಳಲ್ಲಿ ಆಗದಿದ್ದರೆ ಎಂದೂ ಇಲ್ಲ ಎನ್ನುವ ತಂಡಕ್ಕೆ. ಉಳಿದವರು ಇದನ್ನು ನೋಡಿ ಆಸೆಪಡಬಾರದು.

ಎಡೆಯಲ್ಲಿ ಸಸಿ ಇಡುವ ದಾರಿ

ಹಳೆಯ ಮರ ಕಡಿಯದೆ, ಮರಗಳ ನಡುವೆ ಹೊಸ ಸಸಿ ಇಟ್ಟು ಕಾಯುವುದು. ನಮ್ಮಲ್ಲಿ ಬುದ್ಧಿವಂತರು ತೋಟ ಹೊಸದು ಮಾಡುವುದು ಹೀಗೆಯೇ. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು, ಅಷ್ಟು ಕಾಲ ಬರಿಗೈಯಲ್ಲಿ ಕೂರಲಾಗದು.

ಡೆನ್ವರ್ ಇದರ ಒಳ್ಳೆಯ ಮಾದರಿ. ನಿಕೊಲಾ ಜೋಕಿಚ್‌ರನ್ನು 2014ರಲ್ಲಿ 41ನೆಯವರಾಗಿ ಆರಿಸಿದರು. ಅವರ ಹೆಸರು ಓದುವಾಗ ಅಮೆರಿಕದ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು. ಅದೇ ದಿನ ಮೊದಲ ಸುತ್ತಿನಲ್ಲಿ ಡೆನ್ವರ್‌ನವರು ಬೇರೆ ಇಬ್ಬರನ್ನು ತಂದಿದ್ದರು; ಅಂದರೆ ಜೋಕಿಚ್ ಇಷ್ಟು ಎತ್ತರಕ್ಕೆ ಬೆಳೆಯುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ. ಇಲ್ಲಿ ಅದೃಷ್ಟದ ಪಾಲು ದೊಡ್ಡದು, ಮುಚ್ಚಿಡಬೇಕಾಗಿಲ್ಲ. ಆದರೆ ಗೊತ್ತಾದ ಮೇಲೆ ಮಾಡಿದ್ದು ಅದೃಷ್ಟವಲ್ಲ. ಅವರ ಸುತ್ತ ಜಮಾಲ್ ಮರ್ರೆಯನ್ನು ಬೆಳೆಸಿದರು, ಮರ್ರೆಯ ಮೊಣಕಾಲು ಹೋದಾಗ ಮಾರದೆ ಕಾದರು, ಬೇಕಾದ ಒಂದೇ ಜಾಗಕ್ಕೆ ಆ್ಯರನ್ ಗಾರ್ಡನ್‌ರನ್ನು ತಂದರು. 2023ರಲ್ಲಿ ಕಪ್ ಬಂತು.

ಗೋಲ್ಡನ್ ಸ್ಟೇಟ್‌ನ ಕತೆಯೂ ಇದೇ ಜಾತಿಯದು: ಸ್ಟೆಫ್ ಕರಿ ಏಳನೆಯ ಸರದಿ, ಕ್ಲೇ ಥಾಂಪ್ಸನ್ ಹನ್ನೊಂದು, ಡ್ರೇಮಂಡ್ ಗ್ರೀನ್ 35. ಕರಿಯ ಕಣಕಾಲು ಪದೇ ಪದೇ ಉಳುಕುತ್ತಿದ್ದುದರಿಂದ 2012ರಲ್ಲಿ ಅವರು ನಾಲ್ಕು ವರ್ಷಕ್ಕೆ 4 ಕೋಟಿ 40 ಲಕ್ಷ ಡಾಲರ್‌ಗೆ ಒಪ್ಪಿದರು, ಮುಂದೆ ನೋಡಿದರೆ ಜುಜುಬಿ ಮೊತ್ತ. ಆ ಉಳಿತಾಯಕ್ಕೆ 2016ರಲ್ಲಿ ಸಂಬಳದ ಮಿತಿ 7 ಕೋಟಿಯಿಂದ 9 ಕೋಟಿ 41 ಲಕ್ಷಕ್ಕೆ ಹಾರಿದ್ದೂ ಸೇರಿ ಡುರಾಂಟ್‌ಗೆ ಜಾಗವಾಯಿತು. ಕಾಯುವವನಿಗೆ ಕೆಲವೊಮ್ಮೆ ಮಳೆ ತಾನಾಗಿ ಬರುತ್ತದೆ. ಆದರೆ ಬಂದ ದಿನ ತೋಡು ತೆರೆದಿರಬೇಕು. ಈ ದಾರಿಯ ಕೊರತೆ ಒಂದೇ. ಎಲ್ಲ ಸಸಿಗಳೂ ಒಟ್ಟಿಗೆ ಫಲಕ್ಕೆ ಬಂದಾಗ ಸಂಬಳವೂ ಒಟ್ಟಿಗೆ ಏರುತ್ತದೆ. ಬಾಸ್ಟನ್‌ನವರು ಕಪ್ ಗೆದ್ದ ಮರುವರ್ಷವೇ ಟೇಟಮ್‌ರ ಹಿಮ್ಮಡಿಯ ಸ್ನಾಯು ಹರಿದು, ಏಪ್ರನ್ನಿನ ಭಾರ ಇಳಿಸಲು ಜ್ರೂ ಹಾಲಿಡೆ, ಪೋರ್ಜಿಂಗಿಸ್ ಇಬ್ಬರನ್ನೂ ಬಿಟ್ಟುಕೊಡಬೇಕಾಯಿತು.

ಸಂದಿ ನೋಡಿ ನುಗ್ಗುವ ದಾರಿ

ಪೂರ್ತಿ ಕೆಡವುವುದೂ ಇಲ್ಲ, ಪೂರ್ತಿ ಕೊಳ್ಳುವುದೂ ಇಲ್ಲ. ನಡುವೆ ನಿಂತು, ಬೇರೆಯವರು ಬೇಡವೆಂದದ್ದನ್ನು ಎತ್ತಿಕೊಳ್ಳುವುದು. ಹೇಡಿತನದಂತೆ ಕಾಣುವ ಈ ದಾರಿಗೆ ನಿಜವಾದ ಎದೆಗಾರಿಕೆ ಬೇಕು. ಟೊರಾಂಟೊದ ಮಸಾಯ್ ಉಜಿರಿ 2018ರಲ್ಲಿ ಊರಿನ ಮುದ್ದಿನ ಡೆಮಾರ್ ಡೆರೋಜನ್‌ರನ್ನು ಕೊಟ್ಟು, ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿದ್ದ ಕವಾಯ್ ಲೆನಾರ್ಡ್‌ರನ್ನು ತಂದರು. ಕಪ್ ಗೆದ್ದು ಕವಾಯ್ ಹೊರಟುಹೋದರು. ಮರುವರ್ಷ, ಕವಾಯ್ ಇಲ್ಲದೆ, ಅದೇ ತಂಡ 72 ಪಂದ್ಯಗಳಲ್ಲಿ 53 ಗೆದ್ದಿತು! ಫೀನಿಕ್ಸ್ ಜೊತೆ ಇಟ್ಟು ನೋಡಿ. ಕೊಂಡದ್ದು ಇಬ್ಬರೂ ತಾರೆಯನ್ನೇ, ಆದರೆ ಟೊರಾಂಟೊ ಸಿಯಾಕಮ್, ವ್ಯಾನ್‌ವ್ಲೀಟ್‌ರನ್ನು ಮನೆಯಲ್ಲೇ ಉಳಿಸಿಕೊಂಡಿತ್ತು.

2004ರ ಡೆಟ್ರಾಯ್ಟ್ ಕೂಡ ಇಂಥದ್ದೇ: ಬೆನ್ ವಾಲೇಸ್, ಚಾನ್ಸಿ ಬಿಲಪ್ಸ್, ರಿಚರ್ಡ್ ಹ್ಯಾಮಿಲ್ಟನ್ ಎಲ್ಲರೂ ಬೇರೆಯವರು ಬಿಟ್ಟವರೇ. ಅದೇ ಮ್ಯಾನೇಜರ್ ಜೋ ಡುಮಾರ್ಸ್ 2003ರಲ್ಲಿ ಎರಡನೆಯ ಸರದಿ ಕೈಯಲ್ಲಿದ್ದಾಗ ಡಾರ್ಕೊ ಮಿಲಿಚಿಚ್‌ರನ್ನು ಆರಿಸಿ ಎಡವಿದರು ಎಂಬುದನ್ನೂ ಹೇಳಬೇಕು. ಹೊಸ ಹುಡುಗರ ವಿಷಯದಲ್ಲಿ ಕಣ್ಣು ಕಾಣದ ಮನುಷ್ಯ ಪಳಗಿದವರ ವಿಷಯದಲ್ಲಿ ಹದ್ದಿನ ಕಣ್ಣಿನವನಾಗಿರಬಹುದು.

ಇನ್ನು ಪೇಸರ್ಸ್. ಜಗಲಿಯ ಜಗಳಕ್ಕೆ ಉತ್ತರ ಇಲ್ಲೇ ಅಡಗಿದೆ ಎಂದು ನನಗೆ ತಿಳಿದದ್ದು ತಡವಾಗಿ. 2017ರಲ್ಲಿ ಪಾಲ್ ಜಾರ್ಜ್ ಆಡುತ್ತಿದ್ದದ್ದು ಇಂಡಿಯಾನದಲ್ಲಿ. ಅವರಿಗೆ ಅಲ್ಲಿ ಉಳಿಯುವ ಮನಸ್ಸಿರಲಿಲ್ಲ. ಪೇಸರ್ಸ್ ಅವರನ್ನು ಥಂಡರ್‌ಗೆ ಕೊಟ್ಟು ವಿಕ್ಟರ್ ಒಲಡಿಪೊ, ಡೊಮಾಂಟಸ್ ಸಬೋನಿಸ್ ಎಂಬಿಬ್ಬರನ್ನು ಪಡೆಯಿತು. ಇಂಡಿಯಾನ ಮೋಸಹೋಯಿತು ಎಂದು ಅಂದು ಹೇಳಿದವರೇ ಹೆಚ್ಚು. 2022ರಲ್ಲಿ ಅವರು ಸಬೋನಿಸ್‌ರನ್ನು ಕೊಟ್ಟು ಹ್ಯಾಲಿಬರ್ಟನ್‌ರನ್ನು ತಂದರು. ಅತ್ತ ಥಂಡರ್ ಅದೇ ಜಾರ್ಜ್‌ರನ್ನು ಕೊಟ್ಟು ಶೇಯನ್ನು ತಂದಿತ್ತು. ಎಂಟು ವರ್ಷಗಳ ನಂತರ ಏಳನೆಯ ಪಂದ್ಯದಲ್ಲಿ ಎದುರುಬದುರು ನಿಂತ ಎರಡೂ ತಂಡಗಳು ಒಂದೇ ವಿನಿಮಯದ ಎರಡು ಕೊಂಬೆಗಳು. ಇದನ್ನು ಹೇಳಿದಾಗ ಅಕ್ಕನ ಮಗ ಮೊಬೈಲಿನಲ್ಲಿ ಹುಡುಕಿ ನೋಡಿ ಸುಮ್ಮನಾದ. ಅಣ್ಣ ಮಾತ್ರ “ನಾನು ಹೇಳಲಿಲ್ಲವಾ?” ಎಂದರು. ಅವರು ಹೇಳಿರಲಿಲ್ಲ.

ಪೇಸರ್ಸ್‌ಗೂ ಕೆಟ್ಟ ವರ್ಷವಿತ್ತು, 2021–22ರಲ್ಲಿ 25 ಗೆಲುವು. ಆದರೆ ಅದನ್ನೇ ತಂತ್ರವಾಗಿ ಹಿಡಿದುಕೂರಲಿಲ್ಲ. ಎರಡನೆಯ ಸುತ್ತಿನ ಮೊದಲ ಹೆಸರಾಗಿ ಆ್ಯಂಡ್ರೂ ನೆಂಬಾರ್ಡ್‌ರನ್ನು ಆರಿಸಿದರು, 2024ರ ಜನವರಿಯಲ್ಲಿ ಮೂರು ಮೊದಲ ಸುತ್ತಿನ ಹಕ್ಕುಗಳನ್ನು ಕೊಟ್ಟು ಸಿಯಾಕಮ್‌ರನ್ನು ತಂದರು. ದರ ಹೆಚ್ಚೇ, ಆದರೆ ಹ್ಯಾಲಿಬರ್ಟನ್‌ರ ವಯಸ್ಸಿಗೆ ಹೊಂದುವ ದರ.

ಅದೃಷ್ಟವನ್ನು ಕಳೆದು ನೋಡುವ ಒಂದು ಪಾಠ

ಡಲ್ಲಾಸ್ 2024ರಲ್ಲಿ ಫೈನಲ್ ತಲುಪಿತ್ತು. 2025ರ ಫೆಬ್ರವರಿಯಲ್ಲಿ ಅದರ ಮ್ಯಾನೇಜರ್ ನಿಕೊ ಹ್ಯಾರಿಸನ್ 25 ವರ್ಷದ ತಾರೆ ಲುಕಾ ಡಾಂಚಿಚ್‌ರನ್ನು ಲೇಕರ್ಸ್‌ಗೆ ಕೊಟ್ಟು, ಮೂವತ್ತು ದಾಟಿದ ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು ಒಂದೇ ಒಂದು ಮೊದಲ ಸುತ್ತಿನ ಹಕ್ಕನ್ನು ಪಡೆದರು. ಮೂರು ತಿಂಗಳ ನಂತರ ಆ ಶೇಕಡ 1.8ರ ಲಾಟರಿ ಹೊಡೆದು ಫ್ಲಾಗ್ ಸಿಕ್ಕಿದರು. ಹಾಗಾದರೆ ಹ್ಯಾರಿಸನ್ ಸರಿಯಾಯಿತೇ? ಮನೆ ಅಡವಿಟ್ಟು ಕೊಂಡ ಟಿಕೆಟಿಗೆ ಓಣಂ ಬಂಪರ್ ಬಂದರೂ ಅಡವಿಟ್ಟದ್ದು ಜಾಣತನವಾಗುವುದಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅವರನ್ನು ಕೆಲಸದಿಂದ ತೆಗೆದರು. ನೀವು ಯಾರನ್ನಾದರೂ ಅಳೆಯುವಾಗ ಲಾಟರಿಯ ದಿನವನ್ನು ಕ್ಯಾಲೆಂಡರಿನಿಂದ ಹರಿದು ತೆಗೆದು ನೋಡಿ, ಉಳಿದದ್ದು ಅವರ ಕೆಲಸ.

ಹಾಗಾದರೆ ಯಾರಿಗೆ ಯಾವುದು?

ನೀವು ಒಂದು ತಂಡದ ಮ್ಯಾನೇಜರನನ್ನು ತೂಗುತ್ತಿದ್ದರೆ ಮೊದಲು ಊರು ನೋಡಿ. ಲಾಸ್ ಏಂಜಲೀಸ್, ಮಯಾಮಿಯಂಥ ಊರಿನಲ್ಲಿ ಕುಳಿತು ಮೂರು ವರ್ಷ ಬೇಕೆಂದೇ ಸೋಲುವವನು ಇದ್ದ ಭಾಗ್ಯವನ್ನು ಬಳಸದವನು. ಸಣ್ಣ ಊರಿನಲ್ಲಿ ಏಳು ವರ್ಷಗಳ ಹಕ್ಕುಗಳನ್ನು ಒಬ್ಬ ತಾರೆಗೆ ಬರೆದುಕೊಟ್ಟವನು, ಆ ತಾರೆ ಮನಸ್ಸು ಬದಲಿಸುವ ದಿನದ ಬಗ್ಗೆ ಯೋಚಿಸದವನು. ಎರಡನೇ ಏಪ್ರನ್ ದಾಟಿದ್ದಾರೆಯೇ, ಸ್ವಂತ ಡ್ರಾಫ್ಟ್ ಹಕ್ಕುಗಳಲ್ಲಿ ಎಷ್ಟು ಕೈಯಲ್ಲಿವೆ, 25ರ ಒಳಗಿನ ಎಷ್ಟು ಮಂದಿ ನಿಜವಾಗಿ ಅಂಗಳದಲ್ಲಿ ಆಡುತ್ತಿದ್ದಾರೆ ಎಂಬ ಮೂರು ಸಂಗತಿ ಗೊತ್ತಾದರೆ ಅರ್ಧ ತೀರ್ಪು ಬರೆದಂತೆಯೇ.

ಹೊಸದಾಗಿ ತಂಡ ಆರಿಸಿಕೊಳ್ಳುವವರಿಗೆ ನನ್ನ ಮಾತು ಬೇರೆ. ಬೆಳಗ್ಗೆ ಎದ್ದು ನಿದ್ದೆಗೆಟ್ಟು ನೋಡುವುದಾದರೆ ಎಡೆಯಲ್ಲಿ ಸಸಿ ಇಟ್ಟ ತಂಡವನ್ನೇ ಹಿಡಿಯಿರಿ. ಕೋಡಂಗಿ, ಬಾಲಗೋಪಾಲರ ವೇಷ ಕುಣಿದ ಹುಡುಗನೇ ವರ್ಷಗಳ ನಂತರ ಅದೇ ರಂಗಸ್ಥಳಕ್ಕೆ ಮುಖ್ಯ ವೇಷವಾಗಿ ಬರುವುದನ್ನು ನೋಡುವ ಸುಖ ಬೇರೆಲ್ಲೂ ಇಲ್ಲ. ಕೆಡವುವ ಹಂತದಲ್ಲಿರುವ ತಂಡವನ್ನು ಹಿಡಿದರೆ ಎರಡು ವರ್ಷ ಸೂರ್ಯೋದಯವನ್ನಷ್ಟೇ ನೋಡುತ್ತೀರಿ.

ಕಬಡ್ಡಿ ಕ್ಲಬ್ಬಿನ ಕಾರ್ಯದರ್ಶಿಗಳಿಗೆ ಇಲ್ಲಿ ಡ್ರಾಫ್ಟೂ ಇಲ್ಲ, ಲಾಟರಿಯೂ ಇಲ್ಲ. ಇರುವ ದಾರಿ ಎರಡೇ: ಪಂದ್ಯಾಟದ ದಿನ ಹೊರಗಿನಿಂದ ಸಂಭಾವನೆ ಕೊಟ್ಟು ದಾಳಿಗಾರರನ್ನು ಕರೆಸುವುದು, ಅಥವಾ ಊರಿನ ಹುಡುಗರನ್ನೇ ಪಳಗಿಸುವುದು. ನಾನು ಖಜಾಂಚಿಯಾಗಿದ್ದ ಕ್ಲಬ್ಬಿನಲ್ಲಿ ಮೂರು ವರ್ಷ ಮೊದಲನೆಯದನ್ನು ಮಾಡಿದೆವು. ಟ್ರೋಫಿ ಎರಡು ಬಂತು. ನಾಲ್ಕನೆಯ ವರ್ಷ ದೇಣಿಗೆ ಕುಸಿಯಿತು, ಹೊರಗಿನವರು ಬರಲಿಲ್ಲ, ಊರಿನ ಹುಡುಗರು ಮೂರು ವರ್ಷ ಬೆಂಚಿನಲ್ಲಿ ಕುಳಿತು ಕುಳಿತು ಗಲ್ಫಿಗೋ ಬೆಂಗಳೂರಿಗೋ ಹೋಗಿಬಿಟ್ಟಿದ್ದರು. ಅಂಗಳಕ್ಕೆ ಇಳಿಸಲು ಏಳು ಮಂದಿ ಇರಲಿಲ್ಲ. ಟ್ರೋಫಿಗಳು ಈಗಲೂ ಕಪಾಟಿನಲ್ಲಿವೆ, ಧೂಳು ಒರೆಸುವವರಿಲ್ಲ.

ಹಣ ಕಡಿಮೆ ಇರುವ ಕ್ಲಬ್ಬಿಗೆ ನಾನು ಹೇಳುವುದು ಟೊರಾಂಟೊದ ಕ್ರಮ: ಹೊರಗಿನವರು ಒಬ್ಬರು, ಹೆಚ್ಚೆಂದರೆ ಇಬ್ಬರು, ಅವರು ಪಂದ್ಯದ ದಿನ ಮಾತ್ರವಲ್ಲ, ಹಿಂದಿನ ವಾರದ ಅಭ್ಯಾಸಕ್ಕೂ ಬರಬೇಕು, ಉಳಿದ ಐದಾರು ಜಾಗ ಊರಿನವರದು, ಸೋತರೂ ಸರಿ. ಹಣ ಧಾರಾಳ ಇದ್ದು, ಕ್ಲಬ್ಬಿನ ಸುವರ್ಣ ಮಹೋತ್ಸವದಂಥ ಒಂದೇ ವರ್ಷಕ್ಕೆ ಗೆಲ್ಲಲೇಬೇಕಿದ್ದರೆ ಲೇಕರ್ಸ್ ಆಗಿ, ಸಂಕೋಚ ಬೇಡ. ಮರುವರ್ಷದ ಪಟ್ಟಿಯನ್ನು ಮಾತ್ರ ಆ ವರ್ಷವೇ ಬರೆದಿಡಿ.

ಜಗಲಿಯ ನ್ಯಾಯ ಬಾಕಿ ಉಳಿದಿತ್ತು. ಹ್ಯಾಲಿಬರ್ಟನ್ ಬಿದ್ದ ಬೇಸಿಗೆಯಲ್ಲೇ ಪೇಸರ್ಸ್‌ನ ಮೈಲ್ಸ್ ಟರ್ನರ್ ಮಿಲ್ವಾಕಿಗೆ ಹೋದರು. ಹತ್ತು ವರ್ಷ ಅದೇ ತಂಡದಲ್ಲಿದ್ದ ದೊಡ್ಡಾಳು. ಥಂಡರ್ ಬಳಿ ಕಪ್ ಗೆದ್ದ ಮೇಲೂ ಬೇರೆ ತಂಡಗಳಿಂದ ಬರಬೇಕಾದ ಹಕ್ಕುಗಳು ಉಳಿದಿದ್ದವು. ಆ ಪಂದ್ಯದಲ್ಲಿ ಬಿದ್ದದ್ದು ಶೇಯ ಕಾಲಾಗಿದ್ದರೂ ಪ್ರೆಸ್ಟಿಯ ಕೈ ಬರಿದಾಗುತ್ತಿರಲಿಲ್ಲ. ಆದ್ದರಿಂದ ತೀರ್ಪು ಹುಡುಗನ ಕಡೆಗೆ, ಆದರೆ ಅವನು ಹೇಳಿದ ಕಾರಣಕ್ಕಲ್ಲ. ಅಣ್ಣ ಒಪ್ಪಿಲ್ಲ. ಮುಂದಿನ ಫೈನಲಿಗೆ ಅವರ ಮನೆಯ ಜಗಲಿಯಲ್ಲಿ ಕೂರೋಣ ಎಂದಿದ್ದಾರೆ. ಅಲ್ಲಿ ಇನ್ವರ್ಟರ್ ಇದೆಯಂತೆ.